ಮಾವನ ಎಂಟು ಗಂಟೆಯ ಸಿಂಗಪುರ

ಸಿಂಗಪುರದಲ್ಲಿ ಮನೆ ಮಾಡಿಕೊಂಡವರಿಗೆ ಇದು ತಪ್ಪಿದ್ದಲ್ಲ, ಊರಿಂದ ಯಾರಾದರೂ ಬರುತ್ತಲೇ ಇರುತ್ತಾರೆ. ವಿಮಾನದಲ್ಲಿ ಬಂದವರು ಒಂದು ವಾರ ಇದ್ದು, ಸೋಫಾ ಮೇಲೆ ಮಲಗಿ, ಸೂಟ್‌ಕೇಸ್ ತುಂಬ ಚಾಕೊಲೇಟ್ ತುಂಬಿಕೊಂಡು ಹೋಗುತ್ತಾರೆ. ಈಗೀಗ ಹೊಸದೊಂದು ಬಗೆ ಶುರುವಾಗಿದೆ. ಇವರು ಕ್ರೂಸ್ ಹಡಗಿನಲ್ಲಿ ಬರುತ್ತಾರೆ. ಬೆಳಗ್ಗೆ ಎಂಟಕ್ಕೆ ಇಳಿದರೆ ಸಂಜೆ ನಾಲ್ಕಕ್ಕೆ ವಾಪಸ್ ಹತ್ತಬೇಕು. ಎಂಟೇ ಗಂಟೆಯಲ್ಲಿ ಒಬ್ಬ ಮನುಷ್ಯನಿಗೆ ಎಷ್ಟು ಬೆವರು ಬರಬಹುದು ಅನ್ನುವುದು ನನಗೆ ಗೊತ್ತಾದದ್ದು ನಮ್ಮ ಮಾವ ಬಂದ ದಿನ.

ನಾನು ಉಡುಪಿ ಕಡೆಯವನು. ಸೆಲೆಟಾರ್‌ನಲ್ಲಿ ವಿಮಾನ ರಿಪೇರಿ ಮಾಡುವ ಕಂಪನಿಯಲ್ಲಿ ಕೆಲಸ. ಹೆಂಡತಿ ಮೈಸೂರಿನವಳು, ಒನ್-ನಾರ್ತ್‌ನಲ್ಲಿ ಅವಳ ಆಫೀಸು. ಬುಕಿತ್ ಬಾಟೋಕ್‌ನ ಒಂಬತ್ತನೇ ಮಹಡಿಯಲ್ಲಿ ನಾವು ಮೂರು ಜನ: ನಾನು, ಅವಳು, ಎಂಟು ವರ್ಷದ ಮಗಳು. ಮಾವ ರಿಟೈರ್ಡ್ ಸ್ಟೇಷನ್ ಮಾಸ್ಟರ್. ಅವರು ನನ್ನ ಜೊತೆ ಮಾತಾಡಿ ಹನ್ನೊಂದು ವರ್ಷ ಆಗಿತ್ತು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಮಾತಾಡಿಯೇ ಇರಲಿಲ್ಲ. ಮಗಳು ನನ್ನನ್ನು ಮದುವೆ ಆಗ್ತೀನಿ ಅಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ಅವರ ಮನೇಲಿ ಮೀನು ತಿಂತಾರಾ?" ಇವಳು, "ಹೂಂ ಅಪ್ಪಾ, ದಿನಾ" ಅಂದಳು. ಆ "ದಿನಾ" ಅನ್ನುವ ಪದ ಬಿಟ್ಟಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲವೇನೋ.

ಇವಳೂ ಮಗುವೂ ರಜೆಯಲ್ಲಿ ಮೈಸೂರಿಗೆ ಹೋಗುತ್ತಾರೆ. ಮೊಮ್ಮಗಳೆಂದರೆ ಮಾವನಿಗೆ ಪ್ರಾಣ. ಆ ಹೊತ್ತಿಗೆ ನಾನು ಉಡುಪಿಯಲ್ಲಿರುತ್ತೇನೆ. ಹೀಗೆ ಹನ್ನೊಂದು ವರ್ಷ ನಡೆದುಕೊಂಡು ಬಂದಿತ್ತು.

ಷರತ್ತು

ಒಂದು ದಿನ ಅತ್ತೆ ಫೋನ್ ಮಾಡಿದರು. ಪಿಸುದನಿ. ಪಕ್ಕದ ಕೋಣೆಯಲ್ಲಿ ಮಾವ ಇದ್ದಾರೆ ಅಂತ ಆ ದನಿಯಿಂದಲೇ ಗೊತ್ತಾಯಿತು.

"ನಿಮ್ಮ ಮಾವನ ಫ್ರೆಂಡ್ಸೆಲ್ಲ ಸೇರಿ ಕ್ರೂಸ್ ಬುಕ್ ಮಾಡಿದಾರೆ. ಚೆನ್ನೈನಲ್ಲಿ ಹತ್ತೋದು. ಸಿಂಗಪುರದಲ್ಲಿ ಒಂದು ದಿನ ನಿಲ್ಲತ್ತಂತೆ."

"ಮನೆಗೆ ಬನ್ನಿ ಅತ್ತೆ!" ಅಂದೆ.

"ಅದೇ ಬೇಡವಂತೆ. ಮಗಳನ್ನ ನೋಡ್ತೀನಿ, ಮೊಮ್ಮಗಳನ್ನ ನೋಡ್ತೀನಿ, ಮನೆಗೆ ಬರಲ್ಲ ಅಂತಾರೆ. ಊರು ಸುತ್ತೋದೂ ಬೇಡವಂತೆ. ಎಲ್ಲಾದರೂ ಗಲಾಟೆ ಇಲ್ಲದ ಸಮುದ್ರದ ದಂಡೆ ಇದ್ರೆ ಸುಮ್ನೆ ಕೂತು ಬರ್ತೀನಿ ಅಂತಾರೆ."

"ನಾನು ಬರಬಹುದಾ ಅತ್ತೆ?"

ಆ ಕಡೆ ಬಾಗಿಲು ಮುಚ್ಚಿದ ಸದ್ದು. ಆಮೇಲೆ ಅತ್ತೆ ಹೇಳಿದರು. "ಕೇಳಿದೆ. ‘ಸಮುದ್ರ ಯಾರಪ್ಪನದೂ ಅಲ್ಲ, ಯಾರು ಬೇಕಾದ್ರೂ ಬರಬಹುದು’ ಅಂದ್ರು."

ನನ್ನ ಹೆಂಡತಿ ಖುಷಿಯಿಂದ ಕುಣಿದಳು. "ಲೋ, ಅಪ್ಪ ನಿನ್ನ ಕರೆದಿದಾರೆ ಕಣೋ!"

ಹನ್ನೊಂದು ವರ್ಷದಲ್ಲಿ ಇದಕ್ಕಿಂತ ಪ್ರೀತಿಯ ಆಹ್ವಾನ ನನಗೆ ಬಂದಿರಲಿಲ್ಲ.

ನಡುವಿನ ಮಗಳು

ನನ್ನ ಕೆಲಸದಲ್ಲಿ ಎಲ್ಲದಕ್ಕೂ ಚೆಕ್‌ಲಿಸ್ಟ್ ಇರುತ್ತದೆ. ಆ ದಿನಕ್ಕೂ ಒಂದು ಮಾಡಿದೆ. ದಕ್ಷಿಣದ ಕಡೆ ಲಾಜರಸ್ ಅಂತ ಒಂದು ಪುಟ್ಟ ದ್ವೀಪ ಇದೆ. ಬಿಳಿ ಮರಳು, ಅರ್ಧಚಂದ್ರದ ಹಾಗೆ ಬಾಗಿದ ದಂಡೆ, ವಾರದ ದಿನ ಹೋದರೆ ಜನವೇ ಇಲ್ಲ. ಮರೀನಾ ಸೌತ್ ಜೆಟ್ಟಿಯಿಂದ ಫೆರ್ರಿ. ಹಡಗು ನಿಲ್ಲುವ ಟರ್ಮಿನಲ್ ಅಲ್ಲಿಂದ ನಡೆದು ಹೋಗುವಷ್ಟು ದೂರ. ಫೆರ್ರಿ ಪಕ್ಕದ ಸೇಂಟ್ ಜಾನ್ಸ್ ದ್ವೀಪದಲ್ಲಿ ಇಳಿಸುತ್ತದೆ, ಅಲ್ಲಿಂದ ಕಾಲ್ದಾರಿಯಲ್ಲಿ ಇಪ್ಪತ್ತು ನಿಮಿಷ ನಡೆಯಬೇಕು. ಹತ್ತಕ್ಕೆ ಹೋಗುವುದು, ಎರಡೂಮುಕ್ಕಾಲಕ್ಕೆ ವಾಪಸ್ ಫೆರ್ರಿ. ಅದು ತಪ್ಪಿದರೆ ಮುಂದಿನದು ನಾಲ್ಕೂವರೆಗೆ. ಹಡಗು ಹತ್ತಲು ಕೊನೆಯ ಸಮಯ ನಾಲ್ಕು. ಆ "ಎರಡೂಮುಕ್ಕಾಲು" ಅನ್ನುವುದರ ಕೆಳಗೆ ಕೆಂಪು ಇಂಕಿನಲ್ಲಿ ಎರಡು ಗೆರೆ ಎಳೆದೆ.

ಟರ್ಮಿನಲ್‌ನಿಂದ ಅತ್ತೆ ಹೊರಗೆ ಬಂದರು, ಹಿಂದೆಯೇ ಮಾವ. ಇಸ್ತ್ರಿ ಮಾಡಿದ ಪ್ಯಾಂಟು, ತುಂಬು ತೋಳಿನ ಶರ್ಟು, ಪಾಲಿಶ್ ಮಾಡಿದ ಶೂಸು. ಬೀಚಿಗೆ ಹೊರಟವರಲ್ಲ, ಡ್ಯೂಟಿಗೆ ಹೊರಟವರ ಹಾಗಿದ್ದರು. ಮಗಳನ್ನು ನೋಡಿ ಕಣ್ಣೊರೆಸಿಕೊಂಡರು. ಮೊಮ್ಮಗಳನ್ನು ಎತ್ತಲು ಹೋಗಿ, ಆಗದೆ, ನಕ್ಕರು. ನಾನು ಕಾಲಿಗೆ ನಮಸ್ಕಾರ ಮಾಡಿದೆ. ಅವರು ನನ್ನ ಬೆನ್ನ ಮೇಲಿಂದ ಆಚೆ ನೋಡುತ್ತ, "ಬಿಸಿಲು ಜಾಸ್ತಿ ಇದೆ" ಅಂತ ಸಿಂಗಪುರಕ್ಕೆ ಹೇಳಿದರು.

ಮನೆಯಲ್ಲಿ ನನ್ನನ್ನು "ಲೋ" ಅನ್ನುವ ಹೆಂಡತಿ ಅಪ್ಪನ ಎದುರು "ಏನೂಂದ್ರೆ, ನೀರಿನ ಬಾಟ್ಲಿ ತಗೊಂಡ್ರಾ?" ಅಂದಳು. ನಾನು ಯಾರನ್ನು ಕೇಳುತ್ತಿದ್ದಾಳೆ ಅಂತ ಹಿಂದೆ ತಿರುಗಿ ನೋಡಿದೆ.

ಫೆರ್ರಿ ಹತ್ತುವ ಹೊತ್ತಿಗೆ ವ್ಯವಸ್ಥೆಯೊಂದು ತಾನಾಗಿಯೇ ಸಿದ್ಧವಾಗಿತ್ತು. ಮಾವನಿಗೆ ನನಗೇನಾದರೂ ಹೇಳಬೇಕಿದ್ದರೆ ಮೊಮ್ಮಗಳಿಗೆ ಹೇಳುವುದು. ಅವಳು ನನಗೆ ಮುಟ್ಟಿಸುವುದು. ನನ್ನ ಉತ್ತರವೂ ಅದೇ ದಾರಿಯಲ್ಲಿ ವಾಪಸ್. ತೊಂದರೆ ಏನೆಂದರೆ, ಅವಳು ಕನ್ನಡವನ್ನು ಮನೆಯಲ್ಲಿ ಕಲಿತದ್ದು, ಮಾತಾಡುವುದನ್ನು, ಮಾತಿನ ಕೊನೆಗೊಂದು ‘ಲಾ’ ಸೇರಿಸುವುದನ್ನು, ಇಲ್ಲಿಯ ಶಾಲೆಯಲ್ಲಿ ಕಲಿತದ್ದು.

ದ್ವೀಪದಲ್ಲಿ ಇಳಿದು ನಡೆಯುವಾಗ ಮಾವ ಅವಳಿಗೆ ಹೇಳಿದ್ದು ನನಗೇ ಕೇಳಿಸಿತು. "ಚೀಲ ಭಾರ ಇದ್ದ ಹಾಗಿದೆ, ನಿಧಾನವಾಗಿ ನಡೀಲಿ ಅಂತ ನಿಮ್ಮಪ್ಪನಿಗೆ ಹೇಳಮ್ಮ."

ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಮಗಳು ಓಡಿ ಬಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದಳು. "ಪಪ್ಪಾ! ನೀನು ತುಂಬಾ ಹೆವಿ ಅಂತೆ! ಅದಕ್ಕೇ ಸ್ಲೋ ಅಂತೆ ಲಾ!"

ಮಾವ ಗಾಬರಿಯಿಂದ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಇಬ್ಬರಿಗೂ ಬಾಯಿ ಬಿಡುವ ಹಾಗಿರಲಿಲ್ಲ.

ಬೆಕ್ಕುಗಳಿಗೆ ಗೊತ್ತಾಯಿತು

ಊಟಕ್ಕೆ ನಾವು ಪುಳಿಯೋಗರೆ, ಮೊಸರನ್ನ, ಉಪ್ಪಿನಕಾಯಿ ಮಾಡಿಕೊಂಡು ಹೋಗಿದ್ದೆವು. ಅದರ ಹಿಂದಿನ ಭಾನುವಾರದಿಂದಲೇ ಮನೆಯಲ್ಲಿ ಮೀನು ಬಂದ್. ಪಾತ್ರೆ ಹೊಸದು, ಚಮಚ ಹೊಸದು, ಡಬ್ಬಿ ಹೊಸದು. ಒಂದೇ ಒಂದು ವಸ್ತು ಹಳೆಯದು: ಚೀಲ. ಅದು ನಾನು ದಿನಾ ಕೆಲಸಕ್ಕೆ ಊಟ ಒಯ್ಯುವ ತಂಪಿನ ಚೀಲ. ನಿಂಬೆಹಣ್ಣು ಹಾಕಿ ಮೂರು ಸಲ ತೊಳೆದಿದ್ದೆ. ಮೂಸಿ ನೋಡಿದ್ದೆ. ಹೆಂಡತಿಯ ಕೈಲೂ ಮೂಸಿಸಿದ್ದೆ. ಏನೂ ವಾಸನೆ ಇರಲಿಲ್ಲ.

ಸೇಂಟ್ ಜಾನ್ಸ್‌ನಲ್ಲಿ ಬೆಕ್ಕುಗಳಿವೆ ಅನ್ನುವುದು ಮಾತ್ರ ನನ್ನ ಚೆಕ್‌ಲಿಸ್ಟ್‌ನಲ್ಲಿ ಇರಲಿಲ್ಲ.

ಮೊದಲು ಒಂದು ಬಂತು. ಬೂದು ಬಣ್ಣದ್ದು. ಚೀಲದ ಪಕ್ಕಕ್ಕೇ ಬಂದು ಬಾಲ ಎತ್ತಿಕೊಂಡು ನಡೆಯತೊಡಗಿತು. ಮಗಳು "ಕ್ಯೂಟ್!" ಅಂದಳು. ಆಮೇಲೆ ಪೊದೆಯಿಂದ ಎರಡು. ಬೆಂಚಿನ ಕೆಳಗಿನಿಂದ ಇನ್ನೊಂದು. ಮಾವನ ಪಕ್ಕದಲ್ಲಿ ಒಂದೂ ಇಲ್ಲ, ಅತ್ತೆಯ ಪಕ್ಕದಲ್ಲಿ ಒಂದೂ ಇಲ್ಲ. ನಾನು ಚೀಲವನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿದೆ. ಬೆಕ್ಕುಗಳೆಲ್ಲ ಬಲಗಡೆಯಿಂದ ಎಡಗಡೆಗೆ ಬಂದವು.

ಮಾವ ನಿಂತರು. ಬೆಕ್ಕುಗಳನ್ನು ನೋಡಿದರು. ಚೀಲವನ್ನು ನೋಡಿದರು. ನನ್ನ ಬೆನ್ನಲ್ಲಿ ಬೆವರು ಇಳಿಯತೊಡಗಿತು.

"ಚೀಲದಲ್ಲಿ ಏನಿದೆ ಅಂತ ನಿಮ್ಮಪ್ಪನ್ನ ಕೇಳಮ್ಮ."

"ಪುಳಿಯೋಗರೆ, ತಾತ" ಅಂದಳು ಮಗಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ನನ್ನ ಹೆಂಡತಿ ಕಣ್ಣಲ್ಲೇ ಸನ್ನೆ ಮಾಡಿದಳು. ಆದರೆ ಸುಳ್ಳು ಹೇಳಬಾರದು ಅಂತ ಕಲಿಸಿದವರೂ ನಾವೇ. "ಬಟ್ ಚೀಲ ಪಪ್ಪನ ಫಿಶ್ ಚೀಲ ಲಾ."

ಲಾಜರಸ್‌ನ ಮರದ ನೆರಳಲ್ಲಿ ಚಾಪೆ ಹಾಸಿ ಊಟಕ್ಕೆ ಕೂತಾಗ ಮಾವ, "ಹಡಗಲ್ಲಿ ತಿಂಡಿ ಜಾಸ್ತಿ ಆಯ್ತು" ಅಂತ ಎರಡು ಬಾಳೆಹಣ್ಣು ತಿಂದು ಕೈ ತೊಳೆದರು. ಬೆಕ್ಕುಗಳು ಕಾಲ್ದಾರಿ ಮುಗಿಯುವ ತನಕ ಬಂದು ಅಲ್ಲಿಂದ ವಾಪಸ್ ಹೋಗಿದ್ದವು. ಒಂದು ಮಾತ್ರ ಹಠ ಬಿಡದೆ ಚಾಪೆಯ ತುದಿಯಲ್ಲಿ ಕೂತಿತ್ತು. ಅತ್ತೆ ಅದಕ್ಕೆ ಮೊಸರನ್ನ ಹಾಕಿದರು. ಅದು ಮೂಸಿ, ಅತ್ತೆಯ ಮುಖ ನೋಡಿ, ಚೀಲದೊಳಗೆ ತಲೆ ಹಾಕಿ ಅಲ್ಲೇ ಮಲಗಿಬಿಟ್ಟಿತು.

ಸೀನು

ದಂಡೆ ನಿಜಕ್ಕೂ ನಿಶ್ಶಬ್ದವಾಗಿತ್ತು. ದೂರದಲ್ಲಿ ಒಂದು ವಿದೇಶಿ ಜೋಡಿ ಬಿಟ್ಟರೆ ಯಾರೂ ಇರಲಿಲ್ಲ. ಮಾವ ಶೂಸು ಬಿಚ್ಚಿ, ಸಾಕ್ಸನ್ನು ಮಡಿಸಿ ಅದರೊಳಗಿಟ್ಟು, ಸಮುದ್ರ ನೋಡುತ್ತ ಕೂತರು. ಒಂದು ಗಂಟೆ ಹಾಗೇ ಕಳೆಯಿತು. ನಾನು ಗಡಿಯಾರ ನೋಡುತ್ತಲೇ ಇದ್ದೆ. ಒಂದೂ ಐವತ್ತಕ್ಕೆ ಎದ್ದು, "ಹೊರಡೋಣ್ವಾ?" ಅಂತ ಹೆಂಡತಿಗೆ ಹೇಳುವಷ್ಟರಲ್ಲಿ ಮಗಳು ತಾತನ ಕೈ ಹಿಡಿದು ಎಳೆದಳು. "ತಾತ, ನೀರಿಗೆ ಬಾ ಲಾ!"

ಮಾವ ಪ್ಯಾಂಟು ಮಡಿಸಿದರು. ಮೊದಲು ಪಾದ, ಆಮೇಲೆ ಮೊಣಕಾಲು, ಆಮೇಲೆ ತೊಡೆ. ಎಪ್ಪತ್ತೆರಡು ವರ್ಷದ ಮನುಷ್ಯ ಸಮುದ್ರದೊಳಗೆ ನಿಂತದ್ದು ಅದೇ ಮೊದಲಂತೆ. ಮೊಮ್ಮಗಳು ನೀರು ಎರಚಿದಳು. ಅವರೂ ಎರಚಿದರು. ಅವರು ಹಾಗೆ ಗಟ್ಟಿಯಾಗಿ ನಗುವುದನ್ನು ನಾನು ನೋಡಿಯೇ ಇರಲಿಲ್ಲ. ಆ ನಗುವಿನ ನಡುವೆ ಮೂಗಿಗೆ ಉಪ್ಪುನೀರು ಹೋಗಿರಬೇಕು. ತಲೆ ಹಿಂದಕ್ಕೆ ಎಸೆದು, ಇಡೀ ದ್ವೀಪಕ್ಕೆ ಕೇಳುವ ಹಾಗೆ ಸೀನಿದರು.

ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಹಾಗೇ ನಿಂತುಬಿಟ್ಟರು.

"ಏನಾಯ್ತು ಅಪ್ಪಾ?" ಅಂತ ಇವಳು ಕೂಗಿದಳು. ಅತ್ತೆ ಎದೆ ಹಿಡಿದುಕೊಂಡರು. "ಅಯ್ಯೋ, ಹಲ್ಲಿನ ಸೆಟ್ಟು! ಮೇಲಿನ ಸೆಟ್ಟು ಬಿತ್ತು!"

ಗಂಟೆ ಎರಡು. ಜೆಟ್ಟಿಗೆ ನಡೆಯಲು ಇಪ್ಪತ್ತು ನಿಮಿಷ ಬೇಕು. ಅಂದರೆ ನಮಗೆ ಉಳಿದಿದ್ದು ಇಪ್ಪತ್ತೈದು ನಿಮಿಷ. ಅದೂ ಅಲ್ಲದೆ ಇಳಿತದ ಹೊತ್ತು, ನೀರು ನಿಧಾನವಾಗಿ ಹೊರಗೆ ಎಳೆಯುತ್ತಿತ್ತು. ಹಡಗಲ್ಲಿ ಇನ್ನೂ ಆರು ದಿನ ಪ್ರಯಾಣವಿತ್ತು. ಮೇಲಿನ ಹಲ್ಲಿಲ್ಲದೆ ಆರು ದಿನ ಅವರು ಏನು ತಿನ್ನುತ್ತಾರೆ? ಫ್ರೆಂಡ್ಸ್ ಎದುರು ಹೇಗೆ ಬಾಯಿ ಬಿಡುತ್ತಾರೆ?

ನಾನು ಶರ್ಟು ಬಿಚ್ಚಿ ನೀರಿಗಿಳಿದೆ. ಚಿಕ್ಕಂದಿನಲ್ಲಿ ನಾವು ಹುಡುಗರು ಅಳಿವೆಯಲ್ಲಿ ಕಾಲಿನಿಂದಲೇ ಮರಳು ತಡಕಿ ಚಿಪ್ಪು ಹೆಕ್ಕುತ್ತಿದ್ದೆವು. ಕೈಗಿಂತ ಕಾಲಿಗೆ ಬೇಗ ತಿಳಿಯುತ್ತದೆ. ಅದೇ ರೀತಿ ಮಾವ ನಿಂತಲ್ಲಿಂದ ಶುರು ಮಾಡಿ ಹೆಜ್ಜೆ ಹೆಜ್ಜೆಗೂ ತಡಕಿದೆ. ಕಾಲಿಗೆ ಒಂದು ಕಲ್ಲು ಸಿಕ್ಕಿತು. ಒಂದು ಕಪ್ಪೆಚಿಪ್ಪು. ಒಂದು ಬಾಟ್ಲಿಯ ಮುಚ್ಚಳ. ಎರಡೂ ಹತ್ತು. ಒಂದು ಕಡೆ ನಿಂತು, ಕಣ್ಣು ಕಿರಿದು ಮಾಡಿ ಸುತ್ತಲೂ ನೋಡತೊಡಗಿದೆ.

ಆಗ ಮಾವ ನನ್ನ ಕಡೆ ತಿರುಗಿದರು. ನೇರವಾಗಿ ನನ್ನ ಮುಖವನ್ನೇ ನೋಡಿ, ಕೈಯ ಹಿಂದಿನಿಂದ ಏನೋ ಹೇಳಿದರು.

"ಹಾವೆಹ್ಹಿ!"

ಹನ್ನೊಂದು ವರ್ಷದಲ್ಲಿ ಅವರು ನನಗೆ ಆಡಿದ ಮೊದಲ ಮಾತು. ನನಗೆ ಒಂದಕ್ಷರ ಅರ್ಥವಾಗಲಿಲ್ಲ.

"ಏನು ಮಾವ?"

"ಹಾವೆಹ್ಹೀ! ಹಾವು! ಹಾವು!"

"ಹಾವಾ!" ಅಂತ ಅತ್ತೆ ಚೀರಿದರು. "ನೀರುಹಾವು! ಎಲ್ಲಾ ಮೇಲೆ ಬನ್ನಿ!"

ಮಾವ ಜೋರಾಗಿ ತಲೆ ಅಲ್ಲಾಡಿಸಿದರು. ಮಗಳು ದಂಡೆಯಿಂದ, "ಅಜ್ಜಿ, ಹಾವಲ್ಲ. ತಾತ ಕಾಲು ಅಂತಿದಾರೆ" ಅಂದಳು.

"ಕಾಲಾ?" ಇವಳ ಮುಖ ಬಿಳಿಚಿಕೊಂಡಿತು. "ಜೆಲ್ಲಿಫಿಶ್ ಕಚ್ಚಿರಬೇಕು! ರೀ, ಅಪ್ಪನ್ನ ಎತ್ತಿ!"

ಎರಡೂ ಇಪ್ಪತ್ತು. ಅತ್ತೆ ಸೀರೆ ಎತ್ತಿಕಟ್ಟಿ ನೀರಿಗೇ ಬಂದರು. ಒಂದು ರೆಟ್ಟೆ ಅತ್ತೆ, ಇನ್ನೊಂದು ರೆಟ್ಟೆ ಇವಳು. ಮಾವ ಬೇಡ ಬೇಡ ಅಂತ ಒದರಾಡುತ್ತಿದ್ದರೂ ದಂಡೆಗೆ ಎಳೆದು ತಂದು ಚಾಪೆಯ ಮೇಲೆ ಕೂರಿಸಿದರು. ನಾನೂ ಓಡಿ ಬಂದು ಅವರ ಕಾಲು ಹಿಡಿದು ಎಲ್ಲಿ ಕೆಂಪಾಗಿದೆ ಅಂತ ನೋಡಿದೆ. ಅತ್ತೆ ಉಪ್ಪಿನಕಾಯಿ ಡಬ್ಬಿ ತೆಗೆದು, "ಇದರ ಎಣ್ಣೆ ಹಚ್ಚೋಣ್ವಾ?" ಅಂದರು.

ಮಾವ ನಮ್ಮೆಲ್ಲರ ಕೈ ಕೊಡವಿ ಎದ್ದರು. ದಾಪುಗಾಲು ಹಾಕುತ್ತ ವಾಪಸ್ ನೀರಿಗೆ ಹೋದರು. ಸರಿಯಾಗಿ ನಾನು ನಿಂತಿದ್ದ ಜಾಗದಲ್ಲಿ ನಿಂತು, ಗಲ್ಲದ ತನಕ ಮುಳುಗಿ, ಕೈ ಹಾಕಿ ಸೆಟ್ಟು ಎತ್ತಿದರು. ಜಾಲಾಡಿಸಿ ಬಾಯಿಗೆ ಹಾಕಿಕೊಂಡರು. ಎರಡು ಸಲ ಕಚ್ಚಿ ನೋಡಿದರು. ಆಮೇಲೆ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಕೇಳುವಂಥ ದನಿಯಲ್ಲಿ ನನಗೆ ಹೇಳಿದರು.

"‘ಕಾಲೆತ್ತಿ’ ಅಂತ ಹೇಳ್ತಿದ್ದೆ ಕಣ್ರೀ! ‘ಕಾಲೆತ್ತಿ!’ ನನ್ನ ಹಲ್ಲಿನ ಮೇಲೆ ನಿಂತ್ಕೊಂಡು ನನ್ನ ಹಲ್ಲನ್ನೇ ಹುಡುಕ್ತಿದ್ದೀರಲ್ಲ!"

"ಕೈಯಲ್ಲಿ ತೋರಿಸಬಹುದಿತ್ತಲ್ಲ ಮಾವ?" ಅಂದೆ.

"ಹೇಗ್ರೀ ತೋರಿಸ್ಲಿ? ಒಂದು ಕೈ ಬಾಯಿಗೆ, ಇನ್ನೊಂದು ಕೈ ಪ್ಯಾಂಟಿಗೆ!"

ಕೆಂಪು ಟವೆಲ್

ಎರಡೂ ಇಪ್ಪತ್ತೆಂಟು. ಇಪ್ಪತ್ತು ನಿಮಿಷದ ದಾರಿಗೆ ಹದಿನೇಳು ನಿಮಿಷ ಉಳಿದಿತ್ತು. ಚಾಪೆ ಸುತ್ತಿದೆವು, ಚೀಲದಿಂದ ಬೆಕ್ಕನ್ನು ತೆಗೆದೆವು, ಓಡಿದೆವು. ಅತ್ತೆಯ ಸೀರೆಯಿಂದ ನೀರು ಸುರಿಯುತ್ತಿತ್ತು. ಇವಳು ಬರಿಗಾಲಿನಲ್ಲಿದ್ದಳು. ಎಲ್ಲರಿಗಿಂತ ಮುಂದೆ ಮಾವ, ಕೈಯಲ್ಲಿ ಶೂಸು.

"ನಡೀರಿ, ನಡೀರಿ! ನನ್ನ ಸರ್ವಿಸಿನಲ್ಲಿ ಒಂದು ಗಾಡೀನೂ ತಪ್ಪಿಸಿಕೊಂಡೋನಲ್ಲ ನಾನು!"

ಕಾಲ್ದಾರಿಯ ತಿರುವಿನಿಂದ ಜೆಟ್ಟಿ ಕಂಡಿತು. ಫೆರ್ರಿ ನಿಂತಿತ್ತು, ಎಂಜಿನ್ ಸದ್ದು ಕೇಳುತ್ತಿತ್ತು. ಜನ ಯಾರೂ ಕಾಣಲಿಲ್ಲ. ಎಲ್ಲ ಹತ್ತಿ ಆಗಿತ್ತು ಅಂತ ಅರ್ಥ. ಹಗ್ಗದ ಹತ್ತಿರ ಫೆರ್ರಿಯ ಅಂಕಲ್ ಒಬ್ಬ ಬಗ್ಗಿ ಏನೋ ಮಾಡುತ್ತಿದ್ದ. ಹಗ್ಗ ಬಿಚ್ಚಿದರೆ ಮುಗಿಯಿತು. ಹಡಗು ಹೋಗುತ್ತದೆ, ಮಾವ ನಮ್ಮ ಬಳಿಯೇ ಉಳಿಯುತ್ತಾರೆ, ಅದಕ್ಕೆ ಕಾರಣ ನಾನು.

ಮಾವ ಮೊಮ್ಮಗಳ ಹೆಗಲಿಂದ ಕೆಂಪು ಟವೆಲ್ ಕಿತ್ತುಕೊಂಡರು. ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, ತಲೆಯ ಮೇಲೆ ಎತ್ತಿ, ದಾರಿಯ ನಡುವೆ ಕಂಬದ ಹಾಗೆ ನಿಂತರು. "ಸ್ಟಾಪ್! ಸ್ಟಾಪ್! ಫೈವ್ ಪ್ಯಾಸೆಂಜರ್ಸ್!"

ಅಂಕಲ್ ತಲೆ ಎತ್ತಿದ. ಸುಮ್ಮನೆ ನೋಡುತ್ತ ನಿಂತ. ಮಾವ ಟವೆಲ್ ಇಳಿಸದೆ, ಅಡ್ಡಡ್ಡ ನಡೆಯುತ್ತಲೇ ಜೆಟ್ಟಿ ಮುಟ್ಟಿದರು. ನಾವು ಏದುಸಿರು ಬಿಡುತ್ತ ಹಿಂದೆ ಬಂದೆವು.

ಅಂಕಲ್ ನಮ್ಮ ಐದೂ ಜನರನ್ನು ಮೇಲಿನಿಂದ ಕೆಳಗೆ ನೋಡಿದ. ಆಮೇಲೆ ಮಾವನಿಗೆ ನಿಧಾನವಾಗಿ ಹೇಳಿದ. "ಅಂಕಲ್, ಈ ಟ್ರಿಪ್ಪಲ್ಲಿ ದ್ವೀಪದಿಂದ ವಾಪಸ್ ಹೋಗೋರು ನೀವೈದೇ ಜನ ಲಾ. ನಿಮಗೇ ಕಾಯ್ತಾ ಇದ್ದೆ. ಶೂ ದಾರ ಕಟ್ಕೊಳ್ತಿದ್ದೆ."

ಗಾಜಿನಾಚೆ

ಫೆರ್ರಿಯಲ್ಲಿ ಮಾವ ನನ್ನ ಪಕ್ಕದಲ್ಲೇ ಕೂತರು. ಒಮ್ಮೆ ಬಾಯಿ ಬಿಟ್ಟವರು ಮುಚ್ಚಲೇ ಇಲ್ಲ. ಹನ್ನೊಂದು ವರ್ಷದ ಬೈಗುಳವನ್ನು ಒಂದೊಂದಾಗಿ ತೆಗೆದರು. ಮಗುವಿಗೆ ಕನ್ನಡ ಯಾಕೆ ಸರಿಯಾಗಿ ಕಲಿಸಿಲ್ಲ? ತಲೆಗೂದಲು ಯಾಕೆ ಉದುರಿಸಿಕೊಂಡಿದ್ದೀರಿ? ಅಷ್ಟೆಲ್ಲ ವಿಮಾನ ರಿಪೇರಿ ಮಾಡುವವರು ಒಂದು ಸಲವಾದರೂ ಹತ್ತಿಕೊಂಡು ಮೈಸೂರಿಗೆ ಬರಬಾರದಾಗಿತ್ತಾ?

"ನೀವು ಕರೀಲಿಲ್ಲ ಮಾವ."

"ಕರೀದೇ ಇದ್ರೆ ಬರಬಾರದಾ? ಅದು ನಿಮ್ಮ ಹೆಂಡ್ತಿ ಮನೆ ಅಲ್ವೇನ್ರೀ?"

ಎದುರಿನ ಸೀಟಿನಲ್ಲಿ ಇವಳು ಕಿಟಕಿಯ ಕಡೆ ತಿರುಗಿ ಅಳುತ್ತಿದ್ದಳು. ಅತ್ತೆ ಸೀರೆ ಹಿಂಡುತ್ತ ನಗುತ್ತಿದ್ದರು.

ಟರ್ಮಿನಲ್ ಮುಟ್ಟಿದಾಗ ಮೂರೂ ಐವತ್ತು. ಪ್ರಯಾಣಿಕರಲ್ಲದವರು ಗಾಜಿನ ಬಾಗಿಲಿನಿಂದ ಆಚೆ ಹೋಗುವ ಹಾಗಿಲ್ಲ. "ಓಡಿ ಮಾವ, ಓಡಿ!" ಅಂತ ತಳ್ಳಿದಂತೆ ಮಾಡಿ ಕಳಿಸಿದೆ. ಮಾವ, ಅತ್ತೆ ಇಬ್ಬರೂ ಒಳಗೆ ಹೋದರು, ಚೆಕಿಂಗ್ ದಾಟಿದರು. ನನಗೆ ಹೋದ ಜೀವ ಬಂದ ಹಾಗಾಯಿತು. ಅಷ್ಟರಲ್ಲಿ ಮಾವನಿಗೆ ಏನೋ ನೆನಪಾಯಿತು. ವಾಪಸ್ ತಿರುಗಿ ಗಾಜಿನ ಹತ್ತಿರ ಬಂದು ನಿಂತು ನನಗೆ ಏನೋ ಹೇಳತೊಡಗಿದರು. ಗಾಜು ದಪ್ಪ. ಬಾಯಿ ಆಡುವುದು ಕಾಣುತ್ತದೆ, ಮಾತು ಕೇಳುವುದಿಲ್ಲ. ಮೂರೂ ಐವತ್ತನಾಲ್ಕು. ಹಿಂದಿನಿಂದ ಸಿಬ್ಬಂದಿಯೊಬ್ಬಳು ಬೇಗ ಬೇಗ ಅಂತ ಕೈ ಬೀಸುತ್ತಿದ್ದಾಳೆ. ಮಾವ ಕೇಳಿದ್ದಕ್ಕೆ ಉತ್ತರ ಸಿಗದೆ ಹೋಗುವವರಲ್ಲ.

ನಾನು ತಲೆ ಆಡಿಸಿದೆ. ಹೂಂ, ಹೂಂ. ಅವರು ಇನ್ನೇನೋ ಕೇಳಿದರು. ಎರಡು ಬೆರಳು ಎತ್ತಿ, ಒಂದು ನನ್ನ ಕಡೆ ತೋರಿಸಿದರು, ಒಂದು ತಮ್ಮ ಕಡೆ. ನಾನು ಇನ್ನೂ ಜೋರಾಗಿ ತಲೆ ಆಡಿಸಿ ಹೆಬ್ಬೆರಳೂ ಎತ್ತಿದೆ. ಮಾವನ ಮುಖ ಅರಳಿತು. ತಿರುಗಿ ಹೊರಟರು. ಮೂರೂ ಐವತ್ತೇಳಕ್ಕೆ ಒಳಗಿನ ಬಾಗಿಲು ಮುಚ್ಚಿತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

"ಅಪ್ಪ ಏನಂದ್ರೋ?" ಅಂತ ಇವಳು ಕೇಳಿದಳು.

"ಗೊತ್ತಿಲ್ಲ. ಆದ್ರೆ ಎಲ್ಲದಕ್ಕೂ ಒಪ್ಕೊಂಡೆ."

ನಾವು MRT ರೈಲು ಹತ್ತಿ ಬುಕಿತ್ ಬಾಟೋಕ್ ಮುಟ್ಟುವ ಮೊದಲೇ ಅತ್ತೆಯ ಫೋನ್ ಬಂತು. ಈ ಸಲ ಪಿಸುದನಿಯಲ್ಲ, ಹಡಗಿನ ಡೆಕ್ಕಿನಿಂದ ಕೂಗುತ್ತಿದ್ದರು.

"ಅಳಿಯಂದ್ರೇ, ಎಷ್ಟು ದೊಡ್ಡ ಮನಸ್ಸು ನಿಮ್ಮದು! ಕೇಳಿದ ತಕ್ಷಣ ಒಪ್ಕೊಂಡ್ರಂತೆ! ನಿಮ್ಮ ಮಾವ ಸೀದಾ ಕೌಂಟರಿಗೆ ಹೋಗಿ ಬುಕ್ ಮಾಡಿಸಿಯೇ ಬಂದ್ರು!"

"ಏನು ಬುಕ್ ಮಾಡಿಸಿದ್ರು ಅತ್ತೆ?"

"ಅದೇರೀ, ಮುಂದಿನ ವರ್ಷದ ಕ್ರೂಸು. ಹನ್ನೆರಡು ದಿನದ್ದು. ನಮಗೆ ಹೆಂಗಸರಿಗೆಲ್ಲ ಬಾಲ್ಕನಿ ಇರೋ ರೂಮು. ‘ಗಂಡಸರಿಗೆ ಕಿಟಕಿ ಇಲ್ಲದೇ ಇದ್ರೂ ನಡೆಯತ್ತೆ, ನಾನೂ ಅಳಿಯಂದ್ರೂ ಒಂದೇ ಕ್ಯಾಬಿನ್ನಲ್ಲಿ ಇರ್ತೀವಿ, ಇಬ್ಬರಿಗೂ ಮಾತಾಡೋದು ಬೇಕಾದಷ್ಟಿದೆ’ ಅಂದ್ರು!"